ರೈತನ ಟೊಂಕನೋವು: ಚಿಕಿತ್ಸೆಗೆ ಮುನ್ನ ಒಂದಿಷ್ಟು ವಿಚಾರ



ತೊಗರಿಯ ನೆಟೆ ರೋಗ, ಗೊಡ್ಡು ರೋಗ, ಕಾಯಿಕೊರಕಗಳ ಬಗ್ಗೆ ನಮ್ಮಂತಹವರು ಬರೆದದ್ದನ್ನು ತಾವು ಬೇಕಾದಷ್ಟು ಓದಿದ್ದೀರಿ. ಆ ತೊಗರಿಯನ್ನು ಬಿತ್ತಿ, ಸದೆ ತೆಗೆದು, ಕೊಯ್ದು, ರಾಶಿ ಮಾಡುವ ಬೆನ್ನಿನ ಬಗ್ಗೆ ಮಾತ್ರ ಕೃಷಿ ಪತ್ರಿಕೆಗಳಲ್ಲಿ ಬರಹಗಳು ಬಲು ಕಡಿಮೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿ ಕ್ಷೇತ್ರೋತ್ಸವ ಮುಗಿದು ಚಹಾ ಕುಡಿಯುವ ಹೊತ್ತಿಗೆ ಯಾರಾದರೊಬ್ಬ ಹಿರಿಯರು ಪಕ್ಕಕ್ಕೆ ಕರೆದು, "ಸಾಹೇಬ್ರೆ, ಬೆಳೀದು ಆಯ್ತು, ನಮ್ಮ ನಡಕ್ಕ ಏನರ ಔಷಧಿ ಅದ ಏನ್ರಿ?" ಎಂದು ಕೇಳುವುದು ಈಗ ನನಗೆ ರೂಢಿಯಾಗಿಬಿಟ್ಟಿದೆ.

ನಾನು ವೈದ್ಯನಲ್ಲ, ಬೇಸಾಯಶಾಸ್ತ್ರದವನು. ಯಾವ ಗುಳಿಗೆ ನುಂಗಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಉಪಚಾರದಿಂದ ನಿಜವಾಗಿ ಪ್ರಯೋಜನವಾಯಿತೇ ಇಲ್ಲವೇ ಎಂದು ಪರೀಕ್ಷಿಸುವುದು ನಮ್ಮ ಕಸುಬು. ಆ ದೃಷ್ಟಿಯಿಂದ ನೋಡಿದಾಗ ನಮ್ಮ ಭಾಗದಲ್ಲಿ ಬೆನ್ನುನೋವಿಗೆ ನಡೆಯುತ್ತಿರುವ ಚಿಕಿತ್ಸೆಯ ಬಹುಪಾಲು ನನಗೆ ಸರಿಕಾಣುವುದಿಲ್ಲ. ಅದನ್ನೇ ತಮ್ಮ ಮುಂದಿಡಬಯಸುತ್ತೇನೆ.

ಈ ನೋವು ನಮ್ಮದೊಂದೇ ಸೀಮೆಯದಲ್ಲ. 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 61.9 ಕೋಟಿ ಜನ ಸೊಂಟದ ಮೇಲಿನ ಬೆನ್ನುನೋವಿನಿಂದ ಬಳಲುತ್ತಿದ್ದರೆಂದು ಅಂದಾಜು. ಆದರೆ ನಮ್ಮಲ್ಲಿ ಅದಕ್ಕೆ ಬೇರೆಯದೇ ರೂಪವಿದೆ. ಮುಂಗಾರಿಯಲ್ಲಿ ಹೆಸರು, ಉದ್ದು, ತೊಗರಿಯ ಸಾಲುಗಳಲ್ಲಿ ಖುರ್ಪಿ ಹಿಡಿದು ದಿನವಿಡೀ ಬಾಗಿ ಸದೆ ತೆಗೆಯಬೇಕು. ಡಿಸೆಂಬರ್-ಜನವರಿಯಲ್ಲಿ ತೊಗರಿಯನ್ನು ಬುಡದಲ್ಲಿ ಕತ್ತರಿಸಬೇಕು. ಅದು ಮುಗಿಯುವಷ್ಟರಲ್ಲಿ ಕಡಲೆ ಕೀಳುವ ಕೆಲಸ ಬರುತ್ತದೆ. ಇದರಲ್ಲಿ ಬಾಗುವ ಕೆಲಸದ ದೊಡ್ಡ ಪಾಲು ಹೆಣ್ಣುಮಕ್ಕಳದು, ಹೊರುವ ಕೆಲಸದ ದೊಡ್ಡ ಪಾಲು ಗಂಡಸರದು. ಶಹಾಬಾದ, ವಾಡಿಯ ಕಡೆಗೆ ಹೋದರೆ ಒಂದೇ ಮನೆಯಲ್ಲಿ ಅಣ್ಣ ಹೊಲದಲ್ಲಿ, ತಮ್ಮ ಪರಸಿ ಕಲ್ಲಿನ ಖಣಿಯಲ್ಲಿ ದುಡಿಯುತ್ತಿರುತ್ತಾರೆ. ಪದರು ಪದರಾಗಿ ಬಿಡಿಸಿದ ಹಾಸುಗಲ್ಲನ್ನು ಇಬ್ಬರು ಬಾಗಿ ಎತ್ತುವುದನ್ನು ನೋಡಿದವರಿಗೆ ಆ ಟೊಂಕದ ಕಥೆಯನ್ನು ಬೇರೆ ಹೇಳಬೇಕಾಗಿಲ್ಲ.

1960ರ ದಶಕದಲ್ಲಿ ಸ್ವೀಡನ್ ದೇಶದ ಮೂಳೆತಜ್ಞ ನಾಚೆಮ್ಸನ್ ಎಂಬುವರು ಬೆನ್ನುಮೂಳೆಗಳ ನಡುವಿನ ಮೆತ್ತೆಯೊಳಗೆ ಸೂಜಿ ಇಳಿಸಿ ಅಲ್ಲಿನ ಒತ್ತಡವನ್ನು ಅಳೆಯಲಾರಂಭಿಸಿದರು. ನೇರವಾಗಿ ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ, ಮುಂದಕ್ಕೆ ಬಾಗಿದಾಗ ಅದು ಸುಮಾರು 150 ಆಗುತ್ತದೆ. ಕೈಯಲ್ಲಿ ಭಾರ ಹಿಡಿದು ಬಾಗಿದರೆ 200 ದಾಟುತ್ತದೆ. ಇದರಿಂದ ಬಾಗುವುದೇ ಅಪಾಯವೆಂದು ತಿಳಿಯಬಾರದು. ಬೆನ್ನು ಬಾಗಲೆಂದೇ ಇದೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ, ತಿಂಗಳುಗಟ್ಟಲೆ ಬಿಡುವಿಲ್ಲದೆ ದುಡಿಸಿದಾಗ ಅದು ತಕರಾರು ಮಾಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೊಸ ಕೀಟನಾಶಕವೊಂದನ್ನು ಪರೀಕ್ಷಿಸುವಾಗ ನಾವು ಪಕ್ಕದಲ್ಲೇ ಏನೂ ಸಿಂಪಡಿಸದ ಒಂದು ತಾಕನ್ನು ಬಿಟ್ಟಿರುತ್ತೇವೆ. ಕೀಟ ತಾನಾಗಿಯೇ ಕಡಿಮೆಯಾಗುವ ಕಾಲದಲ್ಲಿ ಔಷಧಿ ಹೊಡೆದರೆ ಕೀರ್ತಿಯೆಲ್ಲ ಔಷಧಿಗೆ ಹೋಗುತ್ತದೆ. ಪಕ್ಕದ ತಾಕನ್ನು ನೋಡಿದಾಗಲೇ ನಿಜ ಗೊತ್ತಾಗುವುದು. ಬೆನ್ನುನೋವಿನ ಸ್ವಭಾವವೂ ಇಂತಹುದೇ. ಅದು ಏರುತ್ತದೆ, ಇಳಿಯುತ್ತದೆ, ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಬರುತ್ತದೆ. ನಾವು ವೈದ್ಯರ ಬಳಿಗೆ, ಉಳುಕು ತೆಗೆಯುವವರ ಬಳಿಗೆ ಹೋಗುವುದು ನೋವು ತುತ್ತತುದಿಗೆ ಏರಿದಾಗ. ಅಲ್ಲಿಂದ ಮುಂದೆ ಅದು ಇಳಿಯಲೇಬೇಕು. ಆ ವಾರ ಏನು ಮಾಡಿಸಿಕೊಂಡಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡು ಗುಣವಾಯಿತೆನ್ನುವವರು ಸುಳ್ಳು ಹೇಳುತ್ತಿಲ್ಲ, ಗುಣವಾದದ್ದು ನಿಜ. ಆದರೆ ಒದೆಸಿಕೊಳ್ಳದ ತಾಕಿನಲ್ಲಿ ಏನಾಗುತ್ತಿತ್ತು ಎಂದು ಯಾರೂ ನೋಡಿಲ್ಲ. ಸವೆದ ಮೂಳೆಯ ಮುದುಕರಿಗೆ ಆ ಒದೆತದಿಂದ ಮೂಳೆ ಮುರಿಯಲೂಬಹುದು.

ಹಾಗಾದರೆ ಪಕ್ಕದ ತಾಕನ್ನು ಬಿಟ್ಟು ಪರೀಕ್ಷಿಸಿದವರು ಯಾರೂ ಇಲ್ಲವೇ? ಇದ್ದಾರೆ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ನಗರಸಭೆಯ ನೌಕರರಲ್ಲಿ, ಹೊಸದಾಗಿ ಟೊಂಕ ಹಿಡಿದುಕೊಂಡವರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಎರಡು ದಿನ ಹಾಸಿಗೆಯ ವಿಶ್ರಾಂತಿ, ಎರಡನೆಯದಕ್ಕೆ ವ್ಯಾಯಾಮ. ಮೂರನೆಯ ಗುಂಪಿಗೆ ನೋವು ತಾಳುವಷ್ಟು ಮಟ್ಟಿಗೆ ದಿನನಿತ್ಯದ ಓಡಾಟವನ್ನೇ ಮುಂದುವರಿಸಲು ಹೇಳಿದರು. ಚೆನ್ನಾಗಿ ಗುಣವಾದದ್ದು ಮೂರನೆಯ ಗುಂಪು. "ಒಂದು ತಿಂಗಳು ಮಲಗಿರಿ" ಎಂಬ ಹಳೆಯ ಸಲಹೆ ಆಗಿನಿಂದ ಬೆಲೆ ಕಳೆದುಕೊಂಡಿತು. ನಮ್ಮ ಹಳ್ಳಿಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ.

ಇನ್ನು ಎಂ.ಆರ್.ಐ. ಚಿತ್ರದ ಮಾತು. ಚಿತ್ರದಲ್ಲಿ ಮೆತ್ತೆ ಸವೆದಿದೆ, ಉಬ್ಬಿದೆ ಎಂದು ಬರೆದುಕೊಟ್ಟರೆ ಮನೆಮಂದಿಯೆಲ್ಲ ಹೆದರುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. 50 ವರ್ಷ ವಯಸ್ಸಿನವರಲ್ಲಿ ಶೇ. 80ರಷ್ಟು ಜನಕ್ಕೆ ಮೆತ್ತೆ ಸವೆದಿತ್ತು; ಶೇ. 60ರಷ್ಟು ಜನಕ್ಕೆ ಉಬ್ಬಿತ್ತು. 20 ವರ್ಷದವರಲ್ಲೇ ಶೇ. 30ರಷ್ಟು ಜನಕ್ಕೆ ಉಬ್ಬು ಇತ್ತು. ಅವರಾರಿಗೂ ನೋವಿರಲಿಲ್ಲ ಎಂಬುದನ್ನು ಮರೆಯಬಾರದು. ತಲೆಗೂದಲು ನೆರೆತಂತೆ ಬೆನ್ನಿನ ಮೆತ್ತೆಯೂ ಸವೆಯುತ್ತದೆ. ಅಪಾಯದ ಲಕ್ಷಣವಿಲ್ಲದಿರುವಾಗ ಮೊದಲ ದಿನವೇ ಚಿತ್ರ ತೆಗೆಸುವುದರಿಂದ ಹೆಚ್ಚುವುದು ಹೆದರಿಕೆ ಮಾತ್ರ.

ನನ್ನ ಟೊಂಕವೂ ಒಂಬತ್ತು ವರ್ಷಗಳಿಂದ ನೋಯುತ್ತಿದೆ. ಎರೆಭೂಮಿಯ ರಸ್ತೆಗಳಲ್ಲಿ ಜೀಪಿನ ಓಡಾಟ, ತಾಕುಗಳಲ್ಲಿ ಬಾಗಿ ಕಾಯಿ ಎಣಿಸುವ ಕೆಲಸ, ಇವುಗಳ ಜೊತೆಗೆ ವಯಸ್ಸು. ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆಯೆಂದು ಚಿತ್ರ ನೋಡಿ, ನನ್ನ ಕಾಲನ್ನು ಮುಟ್ಟಿಯೂ ನೋಡದೆ, ಪರಸ್ಥಳದ ಒಬ್ಬ ವೈದ್ಯರು ಆಪರೇಶನ್ನಿಗೆ ದಿನ ಗೊತ್ತುಮಾಡಲು ಹೇಳಿದರು. ಇನ್ನೊಬ್ಬರು ಹಾಸಿಗೆಯ ಮೇಲೆ ಮಲಗಿಸಿ, ಎರಡೂ ಕಾಲುಗಳನ್ನು ಒಂದೊಂದಾಗಿ ಎತ್ತಿ, ಹೆಬ್ಬೆರಳನ್ನು ಮೇಲಕ್ಕೆ ಒತ್ತಲು ಹೇಳಿ, ಹಿಮ್ಮಡಿಯ ಮೇಲೆ ನಡೆಸಿ ನೋಡಿದರು. ಬಲ ಕುಂದಿಲ್ಲ, ಆದ್ದರಿಂದ ಕಾಯಬಹುದು ಎಂದರು. ನಾನು ಕಾಯುವುದನ್ನು ಆರಿಸಿಕೊಂಡೆ. ನೋವು ಪೂರ್ತಿ ಹೋಗಿಲ್ಲ. ವರ್ಷಕ್ಕೆ ಒಂದೆರಡು ಸಲ ಕೆಣಕುತ್ತದೆ. ಆಗ ಎರಡು ಮೂರು ದಿನ ಕಾವು ಕೊಟ್ಟುಕೊಂಡು, ಹಗುರ ಕೆಲಸ ಮಾಡಿಕೊಂಡು, ನಿಧಾನವಾಗಿ ನಡೆದಾಡುತ್ತೇನೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ಹತ್ತು ನಿಮಿಷದ ವ್ಯಾಯಾಮ, ಸಂಜೆ ನಡಿಗೆ. "ಗುಣವಾಯಿತೇ?" ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. "ಕೆಲಸ ನಿಂತಿದೆಯೇ?" ಎಂದರೂ ಇಲ್ಲವೆಂದೇ ಉತ್ತರ.

ಆಪರೇಶನ್ ಬೇಡವೇ ಬೇಡ ಎನ್ನುವ ಪಕ್ಷ ನನ್ನದಲ್ಲ. ನೆದರ್‌ಲೆಂಡ್ಸ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ನಮಗೆ ಬಹಳ ಉಪಯುಕ್ತ. ಮೆತ್ತೆ ನರವನ್ನು ಒತ್ತಿ, ಟೊಂಕದಿಂದ ಕಾಲಿಗೆ ಇಳಿಯುವ ನೋವಿನಿಂದ 6ರಿಂದ 12 ವಾರ ನರಳಿದ್ದ 283 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗನೆ ಆಪರೇಶನ್, ಇನ್ನೊಂದಕ್ಕೆ ಕಾದು ನೋಡುವ ಚಿಕಿತ್ಸೆ ಎಂದು ಗೊತ್ತುಮಾಡಿದರು. ಬೇಗ ಆಪರೇಶನ್ ಆದವರ ಕಾಲುನೋವು ಬೇಗ ಇಳಿಯಿತು. ಕಾದವರಲ್ಲಿ ಶೇ. 39ರಷ್ಟು ಜನ ಮುಂದೆ ನೋವು ತಾಳದೆ ಆಪರೇಶನ್ ಮಾಡಿಸಿಕೊಂಡರು, ಉಳಿದವರಿಗೆ ಅದು ಬೇಕಾಗಲಿಲ್ಲ. ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪುಗಳಲ್ಲಿ ಶೇ. 95ರಷ್ಟು ಜನ ಚೇತರಿಸಿಕೊಂಡಿದ್ದರು. ಸುಗ್ಗಿಯ ಹೊತ್ತಿಗೆ ಎರಡೂ ತಾಕುಗಳ ಇಳುವರಿ ಒಂದೇ ಆಯಿತೆನ್ನಿ. ಬೇಗ ನೋವು ಇಳಿಯುವುದಕ್ಕೆ ಬೆಲೆ ಇಲ್ಲವೆಂದಲ್ಲ; ಆ ಬೆಲೆಯನ್ನು ತಾವು ತೂಗಿ ನೋಡಬೇಕು. ಇದು ಕಾಲಿಗೆ ಇಳಿಯುವ ನೋವಿನ ಮಾತು. ಟೊಂಕದಲ್ಲಷ್ಟೇ ನಿಂತಿರುವ, ವರ್ಷಗಟ್ಟಲೆಯ ನೋವಿಗೆ ಆಪರೇಶನ್ನಿನ ಫಲ ಇಷ್ಟು ಖಚಿತವಲ್ಲ.

ಸೂಜಿ ಮತ್ತು ಪುಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾದದ್ದು. ರಾಶಿಯ ಕಾಲದಲ್ಲಿ ದಿನ ಬಿಟ್ಟು ದಿನ ಡೈಕ್ಲೊಫೆನಾಕ್ ಸೂಜಿ ಹಾಕಿಸಿಕೊಂಡು ಚೀಲ ಹೊರುವವರನ್ನು ಕಂಡಿದ್ದೇನೆ. ಇದೇ ಔಷಧಿಯನ್ನು ದನಗಳಿಗೆ ಕೊಡುವುದನ್ನು ಭಾರತದಲ್ಲಿ 2006ರಲ್ಲಿ ನಿಷೇಧಿಸಲಾಯಿತು. ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದುದೇ ಅದಕ್ಕೆ ಕಾರಣ. ಮನುಷ್ಯನಿಗೆ ರಣಹದ್ದಿಗಾದಂತೆ ಆಗುವುದಿಲ್ಲ, ವೈದ್ಯರ ಸಲಹೆಯಂತೆ ಕೆಲವು ದಿನ ತೆಗೆದುಕೊಂಡರೆ ಇಂತಹ ಔಷಧಿ ಉಪಯೋಗಕ್ಕೂ ಬರುತ್ತದೆ. ಆದರೆ ತಿಂಗಳುಗಟ್ಟಲೆ ಬಳಸಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ನಮ್ಮ ಜಿಲ್ಲೆಯ 40 ಡಿಗ್ರಿ ಮೀರಿದ ಬಿಸಿಲಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿದು ದುಡಿಯುವವರಿಗೆ ಆ ಪೆಟ್ಟು ಇನ್ನೂ ಜೋರು. ಹೆಸರಿಲ್ಲದ ಪೊಟ್ಟಣದ ಪುಡಿ ಇನ್ನೂ ಕೆಟ್ಟದ್ದು. ಎರಡೇ ದಿನದಲ್ಲಿ ಹಸಿವು ಹೆಚ್ಚಿ, ಮೈ ಹಗುರಾಗಿ, ಎಲ್ಲ ನೋವು ಮಾಯವಾಯಿತೆಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದೆಂದು ಸಂಶಯಪಡಬೇಕು. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಆಮೇಲಿನ ಕಥೆ. ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ; ಪೊಟ್ಟಣವನ್ನು ಹಿಡಿದುಕೊಂಡೇ ಸರಕಾರಿ ವೈದ್ಯರ ಬಳಿ ಹೋಗಬೇಕು.

ಟೊಂಕಕ್ಕೆ ಕಟ್ಟುವ ಬೆಲ್ಟ್, ತೂಕ ಕಟ್ಟಿ ಎಳೆಯುವುದು, ಇವುಗಳನ್ನು ದೀರ್ಘಕಾಲದ ಬೆನ್ನುನೋವಿಗೆ ರೂಢಿಯಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೇಳಿದೆ. ಅದು ಸೂಚಿಸುವುದು ರೋಗಿಗೆ ತಿಳಿವಳಿಕೆ ಕೊಡುವುದು, ವ್ಯಾಯಾಮ, ಮಾಲೀಸಿನಂತಹ ಉಪಚಾರ, ಮನಸ್ಸಿನ ಭಯಕ್ಕೆ ಸಮಾಧಾನ ಇವುಗಳನ್ನು. ಕೊನೆಯದನ್ನು ಓದಿ ನಗಬೇಡಿರಿ. ಮಳೆ ಕೈಕೊಟ್ಟು ಸಾಲ ಏರಿದ ವರ್ಷ ಊರಿನಲ್ಲಿ ಬೆನ್ನುನೋವಿನ ಮಾತು ಹೆಚ್ಚಾಗುವುದನ್ನು ನಾನು ಗಮನಿಸಿದ್ದೇನೆ. ನಿದ್ದೆಗೆಟ್ಟ ಮೈಗೆ ನೋವು ಇಮ್ಮಡಿ.

"ದಿನವಿಡೀ ಹೊಲದಲ್ಲಿ ದುಡಿಯುವವನಿಗೆ ವ್ಯಾಯಾಮ ಎಲ್ಲಿಯದು?" ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಸದೆ ತೆಗೆಯುವುದು ಬೆನ್ನನ್ನು ಒಂದೇ ಕಡೆಗೆ ಬಾಗಿಸಿಡುತ್ತದೆ. ವ್ಯಾಯಾಮ ಅದನ್ನು ಎಲ್ಲ ಕಡೆಗೂ ತಿರುಗಿಸಿ, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳಿಗೆ ಬಲ ಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ ನೋವಿನಿಂದ ಚೇತರಿಸಿಕೊಂಡಿದ್ದ 701 ಜನರಲ್ಲಿ ಕೆಲವರಿಗೆ ಕ್ರಮವಾದ ನಡಿಗೆಯನ್ನು ಕಲಿಸಿ ನೋಡಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ನಡೆದವರಿಗೆ ನೋವು ಮರುಕಳಿಸಲು ಸಾಮಾನ್ಯವಾಗಿ 208 ದಿನ ಹಿಡಿಯಿತು. ನಡೆಯದವರಿಗೆ 112 ದಿನ. ಖರ್ಚಿಲ್ಲದ ಉಪಚಾರಕ್ಕೆ ಇದು ಸಣ್ಣ ಇಳುವರಿಯಲ್ಲ.

ಇಷ್ಟೆಲ್ಲ ಕಾಯುವ ಮಾತು ಹೇಳಿದ ಮೇಲೆ, ಯಾವಾಗ ಒಂದು ದಿನವೂ ಕಾಯಬಾರದು ಎಂಬುದನ್ನು ಒತ್ತಿ ಹೇಳಲೇಬೇಕು. ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋಗುತ್ತಿದ್ದರೆ, ತೊಡೆಗಳ ಸಂದಿಯಲ್ಲಿ ಮುಟ್ಟಿದ್ದು ತಿಳಿಯದಂತೆ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ಚಿಂಚೋಳಿಯ ಕಡೆಯ ನಮ್ಮ ಬಂಧುವೊಬ್ಬರಿಗೆ ನಡೆಯುವಾಗ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಪಾದ ಎತ್ತುವ ನರ ಸೋಲುತ್ತಿದೆ ಎಂಬುದರ ಗುರುತು ಅದು. ಅಂಥವರಿಗೆ ಆಪರೇಶನ್ ತಡಮಾಡಿದರೆ ಪಾದದ ಬಲ ಮರಳದೆ ಹೋಗಬಹುದು. ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿದೆಯೇ ಎಂದು ನೋಡಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ. 40 ವರ್ಷದೊಳಗಿನವರಿಗೆ ಬೆಳಿಗ್ಗೆ ಟೊಂಕ ಬಿಗಿದುಕೊಂಡು, ಕೆಲಸ ಮಾಡುತ್ತಾ ಹೋದಂತೆ ಸಡಿಲಾಗುತ್ತಿದ್ದರೆ ಅದು ಬೇರೆ ಜಾತಿಯ ಸಂಧಿವಾತವಿರಬಹುದು, ಅದಕ್ಕೆ ಬೇರೆಯೇ ಔಷಧಿ. ಒಂದೇ ಕೊಳವೆಬಾವಿಯ ನೀರು ಕುಡಿಯುವ ಓಣಿಯಲ್ಲಿ ಹಲವರಿಗೆ ಬೆನ್ನು, ಕುತ್ತಿಗೆ ಸೆಟೆದುಕೊಂಡು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಂಡರೆ ನೀರಿನ ಫ್ಲೋರೈಡ್ ಪರೀಕ್ಷಿಸಿರಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು.

ಈಗ ದುಡ್ಡಿನ ವಿಚಾರ. ನಮ್ಮಲ್ಲಿ ದೊಡ್ಡ ಚಿಕಿತ್ಸೆಯ ತೀರ್ಮಾನವಾಗುವುದು ವೈದ್ಯರ ಮುಂದಲ್ಲ, ತೊಗರಿ ಮಾರಿದ ಮರುವಾರ. ಕೈಯಲ್ಲಿ ದುಡ್ಡಿದೆ, ಹೊಲದಲ್ಲಿ ಕೆಲಸ ಇಳಿದಿದೆ, ಟೊಂಕ ಸುಗ್ಗಿಯಿಂದ ಸೋತಿದೆ. ಸೇಡಂ, ಚಿತ್ತಾಪುರದವರು ಹೈದರಾಬಾದಿನ ರೈಲು ಹತ್ತುತ್ತಾರೆ, ವಾಡಿ, ಶಹಾಬಾದದವರು ಸೋಲಾಪುರದ್ದು. ರೈಲಿಲ್ಲದ ಚಿಂಚೋಳಿಯವರು ಮೊದಲು ತಾಂಡೂರಿಗೆ ಬಸ್ಸು ಹಿಡಿಯುತ್ತಾರೆ. ಅಂದರೆ ನೋವು ತುತ್ತತುದಿಯಲ್ಲಿರುವಾಗ, ಎರಡು ತಿಂಗಳ ಬಿಡುವಿನಿಂದಲೇ ಅರ್ಧ ಇಳಿಯಬಹುದಾದ ಕಾಲದಲ್ಲಿ, ಅತಿ ದುಬಾರಿ ತೀರ್ಮಾನ ಆಗುತ್ತದೆ. ಉದಾಹರಣೆಗೆ ಖರ್ಚು ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿಯಂತೆ ಅದು ಹನ್ನೆರಡೂವರೆ ಕ್ವಿಂಟಲ್ ತೊಗರಿ. ಎಕರೆಗೆ 3-4 ಕ್ವಿಂಟಲ್ ಬರುವ ಒಣಬೇಸಾಯದಲ್ಲಿ ಮೂರು ನಾಲ್ಕು ಎಕರೆಯ ಪೂರ್ತಿ ಬೆಳೆ, ಬೀಜ-ಗೊಬ್ಬರದ ಸಾಲ ತೀರಿಸುವ ಮೊದಲೇ.

ಅಪಾಯದ ಲಕ್ಷಣವಿಲ್ಲದಿದ್ದರೆ ಆ ಎರಡು ತಿಂಗಳನ್ನು ವ್ಯಾಯಾಮಕ್ಕೂ ಬಿಡುವಿಗೂ ಕೊಡಿರಿ. ಆಮೇಲೂ ಆಪರೇಶನ್ ಬೇಕೆನಿಸಿದರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ಶಿಫಾರಸು ಪತ್ರ ಪಡೆಯಿರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ದೊಡ್ಡ ಚಿಕಿತ್ಸೆಗೆ ಈ ಪತ್ರವೇ ದಾರಿ. ನೇರವಾಗಿ ಪರರಾಜ್ಯದ ರೈಲು ಹತ್ತಿದವರು ಇದನ್ನು ಕಳೆದುಕೊಳ್ಳುತ್ತಾರೆ. ಸಹಕಾರ ಸಂಘದ ಸದಸ್ಯರಿಗೆ 2023ರಿಂದ ಯಶಸ್ವಿನಿ ಮತ್ತೆ ಬಂದಿದೆ. ಕಾರ್ಖಾನೆಯ ಇ.ಎಸ್.ಐ. ಚೀಟಿ ಇದ್ದವರಿಗೆ ಕಲಬುರಗಿಯಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ. ಎಲ್ಲಿಗೇ ಹೋದರೂ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: "ಇದನ್ನು ಮಾಡಿಸದೆ ಮೂರು ತಿಂಗಳು ಬಿಟ್ಟರೆ ಏನಾಗುತ್ತದೆ?" ಬೇಸರಿಸದೆ ಉತ್ತರ ಕೊಡುವವರನ್ನು ನಂಬಬಹುದು.

ಕೆಲಸದ ರೀತಿ ಬದಲಾಗದೆ ಯಾವ ಚಿಕಿತ್ಸೆಯೂ ನಿಲ್ಲದು. ಇಲ್ಲಿ ನನ್ನ ಕಸುಬಿನ ಮಾತು ಹೇಳಬಹುದು. 16 ಲೀಟರಿನ ಸಿಂಪರಣಾ ಪಂಪು ತುಂಬಿದಾಗ ಅದರ ಸ್ವಂತ ತೂಕವೂ ಸೇರಿ ಸುಮಾರು 20 ಕಿಲೋ ಆಗುತ್ತದೆ. ಒಂದು ಮೀಟರ್ ಅಗಲಕ್ಕೆ ಹೊಡೆಯುತ್ತಾ ಹೋದರೆ ಎಕರೆಗೆ ನಾಲ್ಕು ಕಿಲೋಮೀಟರ್ ನಡಿಗೆ. 200 ಲೀಟರ್ ದ್ರಾವಣಕ್ಕೆ ಹನ್ನೆರಡು-ಹದಿಮೂರು ಸಲ ತುಂಬಬೇಕು. ಟೊಂಕ ಹಿಡಿಯುವುದು ನಡಿಗೆಯಲ್ಲಲ್ಲ, ನೆಲದ ಮೇಲಿನ ಪಂಪನ್ನು ಹನ್ನೆರಡು ಸಲ ತಿರುಚಿ ಬೆನ್ನಿಗೇರಿಸಿಕೊಳ್ಳುವಾಗ. ಸೊಂಟದೆತ್ತರದ ಬಂಡಿಯ ಮೇಲೋ ಪೀಪಾಯಿಯ ಮೇಲೋ ಇಟ್ಟು ತುಂಬಿ ಅಲ್ಲಿಂದಲೇ ಹೆಗಲಿಗೆ ಹಾಕಿಕೊಳ್ಳಿರಿ. ಸದೆಯನ್ನು ಸಾಧ್ಯವಾದಷ್ಟು ಎಡೆಕುಂಟೆಯಿಂದಲೂ ನಿಂತು ತಳ್ಳುವ ಸೈಕಲ್ ಕುಂಟೆಯಿಂದಲೂ ತೆಗೆದು, ಗಿಡದ ಬುಡದ್ದಕ್ಕೆ ಮಾತ್ರ ಖುರ್ಪಿ ಬಳಸಬೇಕು. ಸಾಲಿನ ತುದಿ ಮುಟ್ಟಿದಾಗಲೆಲ್ಲ ನೆಟ್ಟಗೆ ನಿಂತು, ಟೊಂಕದ ಮೇಲೆ ಕೈಯಿಟ್ಟು, ಐದಾರು ಸಲ ಹಿಂದಕ್ಕೆ ಬಾಗಬೇಕು. ಕೂಲಿಯ ಹೆಣ್ಣುಮಕ್ಕಳು ಹೀಗೆ ಮಾಡಿದರೆ ಕೆಲಸಗಳ್ಳತನವೆಂದು ಬೈಯುವ ಮಾಲೀಕರು ತಾವೇ ಒಂದು ದಿನ ಬಾಗಿ ನೋಡಲಿ.

ಕಡಲೆಯಲ್ಲಿ ಈಗ ಇನ್ನೊಂದು ದಾರಿಯಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಜಿಬಿಎಂ-2 ತಳಿ ನೆಟ್ಟಗೆ ಎತ್ತರವಾಗಿ ಬೆಳೆದು, ಕಾಯಿಗಳು ನೆಲದಿಂದ ಮೇಲಿರುವುದರಿಂದ ಯಂತ್ರದಿಂದ ಕೊಯ್ಯಬಹುದು. ಇದರಿಂದ ಕೆಲವರ ಕೂಲಿ ಹೋಗುತ್ತದೆಂಬ ಆಕ್ಷೇಪ ಸುಳ್ಳಲ್ಲ. ಆದರೂ ಚಳಿಯಲ್ಲಿ ಬಾಗಿ ಕಡಲೆ ಕಿತ್ತ ತಾಯಂದಿರು ಆ ಕೂಲಿಯ ಮೇಲೆ ಅಂತಹ ಮೋಹ ತೋರಿದ್ದನ್ನು ನಾನು ಕಂಡಿಲ್ಲ.

ಚೀಲದ ತೂಕದ ಬಗ್ಗೆಯೂ ನಾವು ಹಟ ಬಿಡಬೇಕು. ಬಲಿಷ್ಠ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದೆಂಬ ಧಾಟಿಯ ಶಿಫಾರಸನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ್ದು 1967ರಲ್ಲಿ. ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕಿಲೋಗೆ ಇಳಿಯಿತು. ಅದರ ಕಾರಣ ಬೇರೆಯಾದರೂ ಟೊಂಕಕ್ಕೆ ಲಾಭವೇ. ನಮ್ಮ ಮನೆಯ ತೊಗರಿ ಚೀಲವನ್ನು ಮಾತ್ರ ಇನ್ನೂ ಕುಕ್ಕಿ ಕುಕ್ಕಿ ತುಂಬುತ್ತೇವೆ. ಅಡತಿಯಲ್ಲಿ ದುಡ್ಡು ಸಿಗುವುದು ಕಿಲೋ ಲೆಕ್ಕದಲ್ಲಿ, ಚೀಲದ ಲೆಕ್ಕದಲ್ಲಲ್ಲ. ಈ ಸಲ ರಾಶಿಯಾದಾಗ 40 ಕಿಲೋಗೆ ಬಾಯಿ ಹೊಲಿದು ನೋಡಿರಿ. ಹೆಚ್ಚಿಗೆ ಬೇಕಾಗುವುದು ನಾಲ್ಕೈದು ಖಾಲಿ ಚೀಲ, ಒಂದಿಷ್ಟು ಸುತಳಿ.